ಆಯಿಲ್ ಕೂಲರ್ ಹಾಕಿಸುವವರೇ, ಹೋಸ್ ಒಳಗೆ ನೋಡಿ ದುಡ್ಡು ಕೊಡಿ

"ಸರ, ಬಿಲ್‌ನ್ಯಾಗ ಬರದದ್ದು ನಟ್‌ದ ಸೈಜ್ ರಿ. ನಟ್ 10 ಐತಲ್ರಿ?"

ನನ್ನ ಇಂಜಿನ್ ಹಾಳು ಮಾಡಿದ ಗ್ಯಾರೇಜಿನವನು ಕೊಟ್ಟ ಉತ್ತರ ಇದು. ನಾಲ್ಕು ದಿನ ಆಯ್ತು, ಇನ್ನೂ ಕಿವಿಯಲ್ಲೇ ಇದೆ.

ನನ್ನದು ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಟರ್ಬೊ ಕಾರು. ಆಯಿಲ್ ಜಾಸ್ತಿ ಕಾಯುತ್ತೆ ಅಂತ ಬೆಳಗಾವಿಯ ಒಂದು ಗ್ಯಾರೇಜಿನಲ್ಲಿ ಇಂಜಿನ್ ಆಯಿಲ್ ತಂಪು ಮಾಡುವ ಕೂಲರ್ ಹಾಕಿಸಿದೆ. ಮಾತಾಗಿದ್ದು ಎಎನ್-10 ಲೈನ್. ಎಎನ್ ಅಂದರೆ ಹೋಸ್, ಫಿಟಿಂಗಿನ ಸೈಜ್, ನಂಬರ್ ದೊಡ್ಡದಾದಷ್ಟು ಒಳದಾರಿ ಅಗಲ. ಹೋಸ್, ಫಿಟಿಂಗಿಗೇ 14,500 ರೂಪಾಯಿ ಕೊಟ್ಟೆ. ಹನ್ನೊಂದನೇ ದಿನ ಧಾರವಾಡಕ್ಕೆ ಹೊರಟಿದ್ದೆ. ಹಿರೇಬಾಗೇವಾಡಿ ಟೋಲ್ ದಾಟಿದ ಮೇಲೆ ಕೆಂಪು ಆಯಿಲ್ ಲೈಟ್ ಹತ್ತಿತು. ಪಕ್ಕಕ್ಕೆ ಹಾಕಿ ಆಫ್ ಮಾಡಿ ಇಳಿದರೆ ಬಂಪರ್ ಕೆಳಗೆ ಆಯಿಲ್ ಧಾರೆ.

ಟೋ ಮಾಡಿಸಿ ಬೆಳಗಾವಿಯ ಉದ್ಯಮಬಾಗಕ್ಕೆ ತಂದೆ. ಅಲ್ಲಿ ಹೈಡ್ರಾಲಿಕ್ ಹೋಸ್ ಕೆಲಸ ಮಾಡುವ ಗೆಳೆಯನಿದ್ದಾನೆ. ಹಾಕಿಸುವ ಮುಂಚೆ ಅವನನ್ನು ಒಂದು ಮಾತು ಕೇಳಲಿಲ್ಲ, ಅದೇ ಹೊಟ್ಟೆ ಉರಿಸುತ್ತಿದೆ. ಅವನು ಮೇಲಿನ ಕಪ್ಪು ನೈಲಾನ್ ಜಾಲರಿ ಕತ್ತರಿಸಿದ. ತುದಿಯ ಬಣ್ಣದ ಕ್ಯಾಪ್ ಸರಿಸಿದ. ಒಳಗೆ ಸ್ಕ್ರೂ ಕ್ಲಿಪ್! ನೀರಿನ ಪೈಪಿಗೆ ಹಾಕುವ ಕ್ಲಿಪ್! ಹೋಸ್ ಮೇಲೆ ಇಪಿಡಿಎಂ ಅಂತ ಅಚ್ಚಾಗಿದೆ. ಅದು ರೇಡಿಯೇಟರ್ ನೀರಿಗೆ ಆಗುವ ರಬ್ಬರ್, ಬಿಸಿ ಆಯಿಲ್ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಒತ್ತಿದರೆ ಬೆರಳು ಇಳಿಯುತ್ತಿತ್ತು. ಎರಡೂ ತುದಿಗೆ ಗ್ಯಾರೇಜಿನವನು ರೆಡ್ಯೂಸರ್, ಅಂದರೆ ದೊಡ್ಡ ಸೈಜನ್ನು ಸಣ್ಣದಕ್ಕೆ ಇಳಿಸುವ ತುಂಡು, ಹಾಕಿದ್ದಾನೆ, ಹೊರಗೆ ಕಾಣುವ ನಟ್ ಮಾತ್ರ 10ರದ್ದು, ಒಳಗಿನ ಫಿಟಿಂಗ್ ಎಎನ್-6. ಅದನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ಸುಮ್ನೆ ನಿಂತೆ. ಎಲ್ಲರ ಮುಂದೆ ಮುಖ ಎತ್ತಲಾಗಲಿಲ್ಲ.

ಎಎನ್-10 ಹೋಸಿನ ಒಳಅಳತೆ ಸುಮಾರು 14 ಮಿ.ಮೀ., ಎಎನ್-6ರದ್ದು 9ರ ಆಸುಪಾಸು. ಅಂದರೆ ಆಯಿಲ್ ಹರಿಯುವ ಜಾಗ ಅರ್ಧಕ್ಕಿಂತ ಕಡಿಮೆ. ಇಂಜಿನ್ ಬೇರಿಂಗಿಗೆ ಹೋಗಬೇಕಾದ ಆಯಿಲ್ ಅದರೊಳಗೇ ಹಾದು ಹೋಗಬೇಕು, ಅಲ್ವಾ? ಗಾಡಿ ಕೊಡುವ ದಿನ ಗೇಜ್ ತೋರಿಸಿ "ನೋಡ್ರಿ ಸರ, ಪ್ರೆಶರ್ ಹೆಂಗ ಐತಿ" ಅಂದಿದ್ದ. ಸೆನ್ಸರ್ ಕೂರಿಸಿದ್ದು ಹೋಸಿಗಿಂತ ಮುಂಚೆ. ಮುಂದೆ ದಾರಿ ಕಿರಿದಾದರೆ ಹಿಂದೆ ಪ್ರೆಶರ್ ಜಾಸ್ತಿಯೇ ಕಾಣುತ್ತದೆ. ನಾನು ನಂಬಿ ಕೈಕುಲುಕಿ ಬಂದೆ.

ಫೋನ್ ಮಾಡಿದರೆ ಮೊದಲು "ಆಯಿಲ್ ಹೋಗಾಕ ದಾರಿ ಇದ್ರ ಸಾಕಲ್ರಿ" ಅಂದ. ಬಿಲ್ ಫೋಟೊ ಕಳಿಸಿದೆ, ಆಗ ಬಂದಿದ್ದೇ ಆ ನಟ್ ಮಾತು. ನೀರಿನ ಹೋಸ್ ಯಾಕೆ ಹಾಕಿದೆ ಅಂದರೆ "ನೀವು ಗಾಡಿ ಭಾಳ ಎಳದ್ರಿ, ಅದಕ್ಕ ಹಿಂಗಾತು". ಕೂಲರ್ ಹಾಕಿಸಿದ್ದೇ ಜೋರಾಗಿ ಓಡಿಸುವುದಕ್ಕೆ! ಆಮೇಲೆ ಫೋನ್ ಎತ್ತುತ್ತಿಲ್ಲ.

ಜಾಲರಿ ಏರಿಸುವ ಮುಂಚೆ ನೀವೇ ಎದುರಿಗೆ ನಿಲ್ಲಿ. ಹೋಸ್ ಮೇಲಿನ ಅಚ್ಚು ಓದಿ, ತೂತಿಗೆ ವರ್ನಿಯರ್ ಇಟ್ಟು ಅಳೆಯಿರಿ. ಸ್ಕ್ರೂ ಕ್ಲಿಪ್ ಕಂಡರೆ ಅಲ್ಲೇ ಕೆಲಸ ನಿಲ್ಲಿಸಿ.

ನಿನ್ನೆ ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ, ಅಂದರೆ ಸಂಪ್, ಬಿಚ್ಚಿದೆವು. ತಳದ ಆಯಿಲ್‌ನಲ್ಲಿ ಬೇರಿಂಗ್ ಪುಡಿ ಮಿಂಚುತ್ತಿದೆ.