ಮಸೆಮರ, ಅರ, ಕಾರ್ಬೊರಂಡಮ್, ವಜ್ರ: ಬೆಟ್ಟದಲ್ಲಿ ಕತ್ತಿ ಮಸೆದ ಲೆಕ್ಕ

ನನ್ನ ಬಳಿ ದಿನಬಳಕೆಗೆ ಎರಡು ಅಲಗುಗಳಿವೆ. ಒಂದು, ನಮ್ಮೂರ ಕಮ್ಮಾರರು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಬಡಿದು ಮಾಡಿಕೊಟ್ಟ ಸೊಪ್ಪಿನ ಕತ್ತಿ. ಇನ್ನೊಂದು, ಸೋದರಮಾವನ ಮಗ ತಂದುಕೊಟ್ಟ ಸ್ವೀಡನ್ನಿನ ಮೋರಾ ಚಾಕು. ಅದರ ಅಲಗು ಅಂಗೈಯಷ್ಟೇ ಉದ್ದ, ಇಂಗಾಲದ ಉಕ್ಕಿನದು. ಕತ್ತಿ ಸೊಂಟದ ಕೊಕ್ಕೆಯಲ್ಲಿರುತ್ತದೆ, ಚಾಕು ಹೆಗಲಚೀಲದಲ್ಲಿ. ಶಿರಸಿ ಸೀಮೆಯ ನಮ್ಮ ಸೊಪ್ಪಿನ ಬೆಟ್ಟ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ಕಡಿಯುವ ಕಾಡು, ಮನೆಯಿಂದ ಮುಕ್ಕಾಲು ಗಂಟೆ ದೂರ. ಅಲ್ಲಿಗೆ ಹೋದ ಮೇಲೆ ಕತ್ತಿಯ ಬಾಯಿ, ಅಂದರೆ ಹರಿತವಾದ ಅಂಚು, ಹೋಯಿತೆಂದರೆ ಅರ್ಧ ದಿನದ ಕೆಲಸವೇ ಹೋದಂತೆ.

ಹಾಗಾಗಿ ಕಳೆದ ದೀಪಾವಳಿಯಿಂದ ಶಿವರಾತ್ರಿಯವರೆಗೆ, ಕೈಗೆ ಸಿಕ್ಕ ಮಸೆಯುವ ಸಾಧನಗಳನ್ನೆಲ್ಲ ಒಂದೊಂದಾಗಿ ಬೆಟ್ಟಕ್ಕೆ ಹೊತ್ತು ನೋಡಿದೆ. ಪರೀಕ್ಷೆ ಸರಳವಾಗಿತ್ತು. ಒಣಗಿದ ಅಡಿಕೆ ಹಾಳೆಯ ಅಂಚಿನ ಮೇಲೆ ಅಲಗನ್ನು ಎಳೆದಾಗ ಅದು ಸಿಗಿಯದೆ ಸುರುಳಿಯಾಗಿ ಏಳಬೇಕು. ಹೆಬ್ಬೆರಳಿನ ಉಗುರಿನ ಮೇಲೆ ಓರೆಯಾಗಿ ಇಟ್ಟರೆ ಜಾರದೆ ಕಚ್ಚಿ ನಿಲ್ಲಬೇಕು. ಆಮೇಲೆ ಬೇಲಿಯ ಬಿದಿರು. ಬಿದಿರಿನ ಹೊರಸಿಪ್ಪೆಯಲ್ಲಿ ಸಿಲಿಕಾ ತುಂಬಿರುವುದರಿಂದ ಅಲಗಿನ ಬಾಯಿ ಬೇಗ ತೆಗೆಯುವುದಕ್ಕೆ ಅದಕ್ಕಿಂತ ಒಳ್ಳೆಯ ಪರೀಕ್ಷಕ ನಮ್ಮ ಕಡೆ ಇಲ್ಲ.

ಕೊನೆಗೆ ಉಳಿದದ್ದನ್ನು ಹೇಳುವ ಮೊದಲು ಆರಂಭದಲ್ಲೇ ಬಿದ್ದುಹೋದದ್ದನ್ನು ಹೇಳಿಬಿಡುತ್ತೇನೆ. ಅಡುಗೆಮನೆಯ ಸಾಮಾನಿನ ಅಂಗಡಿಗಳಲ್ಲಿ ಇಂಗ್ಲಿಷಿನ ‘ವಿ’ ಆಕಾರದ ಸೀಳಿರುವ ಒಂದು ಸಾಧನ ಸಿಗುತ್ತದೆ. ಸೀಳಿನಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಎರಡು ತುಂಡುಗಳು ಅಡ್ಡಡ್ಡ ಕೂತಿರುತ್ತವೆ. ಅಲಗನ್ನು ನಾಲ್ಕು ಸಲ ಎಳೆದರೆ ಸಾಕು, ಕಾಗದ ಕತ್ತರಿಸುತ್ತದೆ. ಹತ್ತು ಸೆಕೆಂಡಿನ ಕೆಲಸ. ಆದರೆ ಅದು ಮಸೆಯುವುದಲ್ಲ, ಕೆರೆಯುವುದು. ಉಕ್ಕನ್ನು ಕೂದಲಿನಂಥ ಎಳೆಗಳಾಗಿ ಹೆರೆದು ತೆಗೆಯುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಬಾಯಿ ಗರಗಸದಂತೆ ಕಾಣುತ್ತದೆ. ಬಿದಿರಿಗೆ ಹಾಕಿದ ಸ್ವಲ್ಪ ಹೊತ್ತಿನಲ್ಲೇ ಆ ಹಲ್ಲುಗಳೆಲ್ಲ ಮಲಗಿದವು. ಮೋರಾ ಚಾಕಿಗೆ ಇದನ್ನು ಬಳಸಿದ್ದು ನಾನು ಮಾಡಿದ ದೊಡ್ಡ ತಪ್ಪು. ಏಕೆಂದು ಮುಂದೆ ಹೇಳುತ್ತೇನೆ. ದಪ್ಪ ಬೆನ್ನಿನ ಸೊಪ್ಪಿನ ಕತ್ತಿಯಂತೂ ಆ ಸೀಳಿನೊಳಗೆ ಸರಿಯಾಗಿ ಇಳಿಯಲೇ ಇಲ್ಲ.

ಹೊಳೆಯ ಕಲ್ಲೂ ಹಾಗೆಯೇ ಬೇಗ ಕೈಬಿಟ್ಟಿತು. ಹಳ್ಳದಲ್ಲಿ ನುಣುಪಾದ ಒಂದು ಕಲ್ಲು ಸಿಕ್ಕರೆ ಸಾಕು ಎನ್ನುವವರಿದ್ದಾರೆ. ಬಾದಾಮಿಯ ಕಡೆಯವರು ಹಾಗೆಂದರೆ ಒಪ್ಪುತ್ತೇನೆ, ಅಲ್ಲಿರುವುದು ಮರಳುಗಲ್ಲು. ಒಂದೇ ಅಳತೆಯ ಬೆಣಚಿನ ಕಣಗಳು ಒತ್ತಾಗಿ ಕೂತ ಕಲ್ಲು. ನಮ್ಮ ಹಳ್ಳಗಳಲ್ಲಿ ಸಿಗುವುದು ಹೆಚ್ಚಾಗಿ ಗ್ರಾನೈಟಿನ ಜಾತಿಯವು. ಒಂದು ಕಡೆ ಗಡುಸು, ಪಕ್ಕದಲ್ಲೇ ಮೆದು ಅಭ್ರಕ, ನಡುವೆ ಒಂದು ಒರಟು ಹರಳು. ಅದೃಷ್ಟವಿದ್ದರೆ ಬಾಯಿ ಬರುತ್ತದೆ, ಇಲ್ಲದಿದ್ದರೆ ಗೀರು ಬೀಳುತ್ತದೆ. ತೂತು ತೂತಾದ ಕೆಂಪು ಜಂಬಿಟ್ಟಿಗೆ ಕಲ್ಲಿನ ಮಾತಂತೂ ಎತ್ತುವುದೇ ಬೇಡ.

ಇನ್ನು ಅರ, ಲೋಹವನ್ನು ಉಜ್ಜಿ ಸವೆಸುವ ಹಲ್ಲುಹಲ್ಲಿನ ಉಕ್ಕಿನ ಪಟ್ಟಿ. ಇದನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ ಸೊಪ್ಪು ಕಡಿಯುವಾಗ ಏಟು ತಪ್ಪಿ ಕತ್ತಿ ಕಲ್ಲಿಗೆ ತಾಗಿ ಹಲ್ಲು ಬಿದ್ದರೆ, ಅದನ್ನು ಬೆಟ್ಟದಲ್ಲೇ ಸರಿಪಡಿಸಬಲ್ಲ ಸಾಧನ ಇದೊಂದೇ. ಕಲ್ಲಿನಿಂದ ತಾಸುಗಟ್ಟಲೆ ತಿಕ್ಕಬೇಕಾದ್ದನ್ನು ಎಂಟು ಅಂಗುಲದ ಚಪ್ಪಟೆ ಅರ ಹತ್ತು ನಿಮಿಷದಲ್ಲಿ ಮುಗಿಸಿತು. ಅರ ಮುಂದಕ್ಕೆ ತಳ್ಳುವಾಗ ಮಾತ್ರ ಕತ್ತರಿಸುತ್ತದೆ. ಹಿಂದಕ್ಕೆ ಬರುವಾಗ ಎತ್ತಿಕೊಳ್ಳಬೇಕು, ಒತ್ತಿ ಎಳೆದರೆ ಅರದ ಹಲ್ಲೇ ಹಾಳು. ಅದೇ ಅರವನ್ನು ಮೋರಾದ ಮೇಲೆ ಇಟ್ಟೆ. ಗಾಜಿನ ಮೇಲೆ ಜಾರಿದಂತೆ ಕಿರ್ರೆಂದು ಜಾರಿತು. ಮೋರಾದ ಉಕ್ಕು ಅರದ ಉಕ್ಕಿನಷ್ಟೇ ಗಡುಸಲ್ಲವಾದರೂ ಅದಕ್ಕೆ ಹತ್ತಿರ. ಕಮ್ಮಾರರ ಕತ್ತಿ ಅದಕ್ಕಿಂತ ಎಷ್ಟೋ ಮೆದು, ಮೆದುವಾಗಿ ಇರಲೇಬೇಕು ಕೂಡ. ಗಂಟು ಮರಕ್ಕೆ ಬೀಸಿ ಹೊಡೆಯುವ ಕತ್ತಿ ಚಾಕಿನಷ್ಟು ಗಡುಸಾದರೆ ಬಾಯಿ ಸಿಡಿಯುತ್ತದೆ. ನನ್ನ ಉಳಿದ ಪ್ರಯೋಗಗಳಿಗೆಲ್ಲ ದಾರಿ ತೋರಿಸಿದ್ದು ಅರ ಜಾರಿದ ಆ ಸದ್ದು.

ಎರಡು ಅಲಗುಗಳ ಗಡಸುತನ ಬೇರೆ ಎಂದಷ್ಟೇ ಅಲ್ಲ, ಬಾಯಿಯ ಆಕಾರವೂ ಬೇರೆ. ಸೊಪ್ಪಿನ ಕತ್ತಿಯ ಬಾಯಿ ಎರಡೂ ಬದಿಗೆ ಸ್ವಲ್ಪ ಹೊಟ್ಟೆಯುಬ್ಬಿ, ಕೊನೆಯಲ್ಲಿ ಕೂಡುತ್ತದೆ, ಹುಣಸೆ ಬೀಜವನ್ನು ಅಡ್ಡಲಾಗಿ ಕೊಯ್ದಂತೆ. ಮೋರಾದ್ದು ಹಾಗಲ್ಲ. ಅಲಗಿನ ನಡುವಿನಿಂದ ಬಾಯಿಯವರೆಗೆ ಒಂದೇ ಚಪ್ಪಟೆ ಇಳಿಜಾರು, ಎರಡು ಬದಿ ಸೇರಿ ಸುಮಾರು 25 ಡಿಗ್ರಿ. ಆ ಇಳಿಜಾರನ್ನು ಕಲ್ಲಿನ ಮೇಲೆ ಮಲಗಿಸಿದರೆ ಕೋನ ತಾನಾಗಿ ಸಿಗುತ್ತದೆ, ಊಹೆ ಬೇಕಿಲ್ಲ. ‘ವಿ’ ಸೀಳಿನ ಸಾಧನ ಈ ಚಪ್ಪಟೆಯ ತುದಿಗೆ ಇನ್ನೊಂದು ಮೊಂಡು ಇಳಿಜಾರನ್ನು ಅಂಟಿಸಿಬಿಟ್ಟಿತ್ತು. ಅದನ್ನು ಕಳೆಯಲು ನನಗೆ ಎರಡು ಸಂಜೆ ಹಿಡಿಯಿತು.

ಕಾರ್ಬೊರಂಡಮ್ ಕಲ್ಲು ಹಾರ್ಡ್‌ವೇರ್ ಅಂಗಡಿಯಲ್ಲಿ ಎಲ್ಲರಿಗೂ ಸಿಗುವಂಥದು. ಒಂದು ಬದಿ ಒರಟು, ಇನ್ನೊಂದು ನಯ. ಇದು ಸಿಲಿಕಾನ್ ಕಾರ್ಬೈಡ್. 1890ರ ದಶಕದ ಆರಂಭದಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ವಿದ್ಯುತ್ ಕುಲುಮೆಯಲ್ಲಿ ಇದನ್ನು ತಯಾರಿಸಿ ಇಟ್ಟ ಹೆಸರೇ ಕಾರ್ಬೊರಂಡಮ್. ಕಡಿಮೆ ಬೆಲೆ, ಬೇಗ ಕೆಲಸ, ಎರಡೂ ಅಲಗುಗಳಿಗೆ ನಡೆಯುತ್ತದೆ. ಮನೆಯ ಜಗುಲಿಯಲ್ಲಿ ಕೂತು ಮಸೆಯುವುದಾದರೆ ನಾನು ಇದನ್ನೇ ಹಿಡಿಯುತ್ತೇನೆ. ಬೆಟ್ಟಕ್ಕೆ ಮಾತ್ರ ಇದು ಸಲ್ಲ. ಭಾರ ಒಂದು ಕಡೆ. ಯಥೇಚ್ಛ ನೀರು ಬೇಕು ಎಂಬುದು ಇನ್ನೊಂದು ಕಡೆ. ಕುಡಿಯಲು ತಂದ ನೀರನ್ನು ಕಲ್ಲಿಗೆ ಸುರಿಯುವಾಗ ಹೊಟ್ಟೆ ಉರಿಯುತ್ತದೆ. ಮೂರನೆಯ ದಿನ ಚೀಲವನ್ನು ಬಂಡೆಯ ಮೇಲೆ ಕುಕ್ಕಿದ್ದಕ್ಕೆ ಕಲ್ಲು ನಡುವೆ ಮುರಿಯಿತು. ಅರ್ಧ ಕಲ್ಲು ಈಗಲೂ ಬಚ್ಚಲುಮನೆಯ ಗೂಡಿನಲ್ಲಿದೆ.

ನಿಜವಾದ ಪೈಪೋಟಿ ಇದ್ದದ್ದು ವಜ್ರದ ಪಟ್ಟಿ ಮತ್ತು ಮಸೆಮರದ ನಡುವೆ.

ವಜ್ರದ ಪಟ್ಟಿ ಎಂದರೆ ಎಟಿಎಂ ಕಾರ್ಡಿನಷ್ಟು ಅಗಲದ ಉಕ್ಕಿನ ತಗಡು. ಅದರ ಮೇಲೆ ಕೃತಕ ವಜ್ರದ ಹುಡಿಯನ್ನು ನಿಕ್ಕಲ್ ಲೇಪದಲ್ಲಿ ಹಿಡಿದು ಕೂರಿಸಿರುತ್ತಾರೆ. ನನ್ನದು 600ರ ನಯದ್ದು, ಅಂದರೆ ಕಣಗಳು ಸುಮಾರು 25 ಮೈಕ್ರಾನ್. ಜೇಬಿನಲ್ಲಿಟ್ಟರೆ ಇದೆಯೆಂದೇ ಗೊತ್ತಾಗುವುದಿಲ್ಲ. ನಾಲ್ಕು ಹನಿ ನೀರು ಸಾಕು, ಇಲ್ಲದಿದ್ದರೂ ನಡೆಯುತ್ತದೆ. ಮೋರಾದ ಇಳಿಜಾರನ್ನು ಅದರ ಮೇಲೆ ಮಲಗಿಸಿ ಬದಿಗೆ ಹತ್ತು ಸಲ ತಿಕ್ಕಿದರೆ ಎದುರು ಬದಿಯಲ್ಲಿ ಬೆರಳಿಗೆ ಸಿಗುವಂಥ ಸಣ್ಣ ಒರಟು ಅಂಚು ಏಳುತ್ತದೆ. ಅದು ಅಲಗಿನ ಉದ್ದಕ್ಕೂ ಎದ್ದರೆ ಮಾತ್ರ ಆ ಬದಿ ಮುಗಿದಂತೆ. ಆಮೇಲೆ ಬದಿ ಬದಲಿಸಿ ಅಷ್ಟೇ ಸಲ, ಕೊನೆಗೆ ಬೆಲ್ಟಿನ ಒಳಬದಿಯ ಚರ್ಮದ ಮೇಲೆ ಬೆನ್ನು ಮುಂದಾಗಿ ಎಳೆದು ಉಳಿದ ಎಳೆಯನ್ನು ತೆಗೆಯುವುದು. ಹೊಸತರಲ್ಲಿ ನಾನು ಬಲವಾಗಿ ಒತ್ತುತ್ತಿದ್ದೆ. ಒತ್ತಿದರೆ ಉಕ್ಕಿಗಿಂತ ಮೊದಲು ಪಟ್ಟಿಯ ವಜ್ರವೇ ಕಿತ್ತುಬರುತ್ತದೆ. ನನ್ನ ಪಟ್ಟಿಯ ಒಂದು ಮೂಲೆ ಈಗ ಬೋಳು. ಅಲಗಿನ ಭಾರವೇ ಸಾಕು, ಕೈಯ ಭಾರ ಬೇಡ.

ಅದೇ ಪಟ್ಟಿಯನ್ನು ಕತ್ತಿಗೆ ಹಿಡಿದೆ. ಬಾಯಿ ಬಂತು, ಇಲ್ಲವೆನ್ನಲಾರೆ. ಆದರೆ ಅಷ್ಟು ಉದ್ದದ ಕತ್ತಿಗೆ ಅಷ್ಟು ಚಿಕ್ಕ ಪಟ್ಟಿಯನ್ನು ಬೆರಳ ತುದಿಯಲ್ಲಿ ಹಿಡಿದು ಹೊಟ್ಟೆಯುಬ್ಬಿದ ಬಾಯಿಯ ಮೇಲೆ ಆಡಿಸುವಾಗ ಕೋನ ಒಂದೊಂದು ಸಲ ಒಂದೊಂದಾಯಿತು, ಬೆರಳು ಎರಡು ಸಲ ಕೊಯ್ದುಕೊಂಡಿತು. ನಮ್ಮಲ್ಲಿ ಮರವೇರಿ ಅಡಿಕೆ ಕೊನೆ ಇಳಿಸಲು ಬರುವ ಹಿರಿಯ ಕೊನೆಗೌಡರು ಅಂದು ಜೊತೆಗಿದ್ದರು. ಸ್ವಲ್ಪ ಹೊತ್ತು ನೋಡಿ, “ತಮ್ಮಾ, ಕತ್ತಿಯನ್ನು ಕಲ್ಲಿನ ಹತ್ತಿರ ಒಯ್ಯಬೇಕು, ಕಲ್ಲನ್ನು ಕತ್ತಿಯ ಹತ್ತಿರ ತರಬಾರದು” ಎಂದು ತಮ್ಮ ಮರದ ತುಂಡನ್ನು ತೋರಿಸಿದರು.

ಮಸೆಮರ ಎಂದರೆ ಒಂದೂವರೆ ಮೊಳ ಉದ್ದದ ಮೆದು ಮರದ ಸೀಳು. ಬೆಣಚುಕಲ್ಲನ್ನು ಕುಟ್ಟಿ ಬಟ್ಟೆಯಲ್ಲಿ ಸೋಸಿದ ಪುಡಿಯನ್ನು ಅದರ ಮೇಲೆ ಉದುರಿಸುತ್ತಾರೆ. ಮರದ ಒಂದು ತುದಿ ನೆಲಕ್ಕೆ ಊರಿ, ಇನ್ನೊಂದು ತುದಿ ಯಾವುದಾದರೂ ಬೇರಿಗೆ ಆನಿಕೊಂಡು ಓರೆಯಾಗಿ ನಿಂತಿರುತ್ತದೆ. ಕತ್ತಿಯನ್ನು ಎರಡು ಕೈಯಲ್ಲಿ ಹಿಡಿದು ಸರ್ರನೆ ತಳ್ಳುವುದು, ತಿರುಗಿಸಿ ಎಳೆಯುವುದು. ಬೆಣಚಿನ ಗಡಸುತನ, ಖನಿಜಗಳಿಗೆ ಒಂದರಿಂದ ಹತ್ತರವರೆಗೆ ಅಂಕ ಕೊಡುವ ಮೋಸ್ ಅಳತೆಯಲ್ಲಿ, 7. ಕಮ್ಮಾರರ ಕತ್ತಿಯನ್ನು ತಿನ್ನಲು ಅದು ಧಾರಾಳ. ಮರ ಮೆದುವಾದ್ದರಿಂದ ಒತ್ತಿದಲ್ಲಿ ಸ್ವಲ್ಪ ತಗ್ಗುತ್ತದೆ, ತಗ್ಗಿ ಕತ್ತಿಯ ಹೊಟ್ಟೆಯನ್ನು ಅನುಸರಿಸುತ್ತದೆ. ಕೋನ ಅಷ್ಟಿಷ್ಟು ತಪ್ಪಿದರೂ ಮರ ಕ್ಷಮಿಸುತ್ತದೆ. ಹೊಟ್ಟೆ ಹಾಗೆಯೇ ಉಳಿದು ಬಾಯಿ ಮಾತ್ರ ತೆಳುವಾಗುತ್ತದೆ. ಗಟ್ಟಿ ಕಲ್ಲಿನಿಂದ ಈ ಕೆಲಸ ಮಾಡಲು ವರ್ಷಗಟ್ಟಲೆ ಕೈ ಪಳಗಬೇಕು. ಮರದ ಮೇಲೆ ನನಗೆ ಒಂದು ವಾರದಲ್ಲಿ ಬಂತು.

ಮರ ತೀರ ನಯವಾದ ಬಾಯಿ ಕೊಡುವುದಿಲ್ಲ. ಅಡಿಕೆ ಹಾಳೆಯ ಪರೀಕ್ಷೆಯಲ್ಲಿ ಕತ್ತಿ ಸ್ವಲ್ಪ ಕಚ್ಚುತ್ತಾ ಹೋಯಿತು. ಆದರೆ ಹಸಿ ಸೊಪ್ಪಿನ ರೆಂಬೆಗೆ ಆ ಸಣ್ಣ ಕಚ್ಚೇ ಬೇಕು. ನುಣುಪಾದ ಬಾಯಿ ಓರೆ ಏಟಿಗೆ ತೊಗಟೆಯ ಮೇಲೆ ಜಾರುತ್ತದೆ. ಗಂಟೆಗೊಮ್ಮೆ ಎಲೆ ಅಡಿಕೆಗೆ ಕೂತಾಗ ಇಪ್ಪತ್ತು ಸಲ ಎಳೆದರೆ ಸಂಜೆಯವರೆಗೂ ಕತ್ತಿ ಒಂದೇ ಸಮ ಇರುತ್ತಿತ್ತು. ಮರ ಕೆಟ್ಟರೆ ಇನ್ನೊಂದು ಸೀಳು, ಪುಡಿ ಮುಗಿದರೆ ಇನ್ನೊಂದು ಬೆಣಚು. ಖರ್ಚಿನ ಮಾತೇ ಇಲ್ಲ.

ಮೋರಾವನ್ನು ಮಸೆಮರಕ್ಕೆ ಹಾಕಿದ್ದೂ ಆಯಿತು. ಕತ್ತಿಗೆ ಗುಣವಾದದ್ದೇ ಇಲ್ಲಿ ದೋಷವಾಯಿತು. ತಗ್ಗುವ ಮರ ಚಪ್ಪಟೆ ಇಳಿಜಾರಿನ ತುದಿಯನ್ನು ಉರುಟು ಮಾಡಿತು. ಎರಡು ದಿನ ಬಿಟ್ಟು ಬಿದಿರಿನ ಗೂಟ ಕೆತ್ತುವಾಗ ಚಾಕು ಮೊದಲಿನಂತೆ ಒಳಗಿಳಿಯದೆ ಮೇಲೇ ತೇಲುತ್ತಿತ್ತು.

ಹೀಗಾಗಿ ಈಗ ಚೀಲದಲ್ಲಿ ಚಾಕಿನ ಒರೆಯ ಜೊತೆ ವಜ್ರದ ಪಟ್ಟಿ ಇದೆ. ಕತ್ತಿಗೆ ಹೊಗೆಸೊಪ್ಪಿನ ಹಳೆಯ ಡಬ್ಬಿಯಲ್ಲಿ ಬೆಣಚಿನ ಪುಡಿ; ಮರವನ್ನು ಹೊರುವುದಿಲ್ಲ, ಬೆಟ್ಟದಲ್ಲೇ ಒಂದು ಮತ್ತಿ ಮರದ ಬುಡದಲ್ಲಿ ಬಿಟ್ಟು ಬಂದಿದ್ದೇನೆ. ಅರ ಮನೆಯಲ್ಲಿದೆ, ಕತ್ತಿ ಕಲ್ಲಿಗೆ ತಾಗಿದ ಮರುದಿನ ಮಾತ್ರ ಹೊರಡುತ್ತದೆ. ಪೇಟೆಯಲ್ಲಿ ವಿದ್ಯುತ್ ಚಕ್ರಕ್ಕೆ ಹಿಡಿಸುವುದನ್ನು ಪೂರ್ತಿ ಬಿಟ್ಟಿದ್ದೇನೆ. ಹಿಂದೊಮ್ಮೆ ಒಂದು ಅಂಗಡಿಯಲ್ಲಿ ಕೊಟ್ಟಾಗ ಕಿಡಿ ಹಾರಿಸಿ, ತುದಿಯನ್ನು ನೀಲಿ ಮಾಡಿ ಕೊಟ್ಟಿದ್ದರು. ನೀಲಿ ಬಂತೆಂದರೆ ಉಕ್ಕು ಸುಮಾರು 300 ಡಿಗ್ರಿ ಕಾದಿತ್ತು ಎಂದರ್ಥ. ಕಮ್ಮಾರರು ಕೊಟ್ಟ ಹದ ಅಲ್ಲಿಗೆ ಹೋಯಿತು. ಆ ತುದಿ ಈಗಲೂ ಎಷ್ಟು ಮಸೆದರೂ ಮಧ್ಯಾಹ್ನಕ್ಕೆ ಮಡಚಿಕೊಳ್ಳುತ್ತದೆ.

ಎರಡೂ ಇಂಗಾಲದ ಉಕ್ಕು, ತುಕ್ಕು ಹಿಡಿಯದೆ ಇರದು. ಸಂಜೆ ಒರೆಸಿ ಕೊಬ್ಬರಿ ಎಣ್ಣೆ ಸವರುತ್ತೇನೆ. ಮೋರಾದಿಂದ ಒಮ್ಮೆ ಹಸಿ ಅಡಿಕೆ ಕೊಯ್ದು ಹಾಗೆಯೇ ಇಟ್ಟಿದ್ದೆ. ಚೊಗರು ತಾಗಿ ಬೆಳಗಾಗುವಷ್ಟರಲ್ಲಿ ಅಲಗು ಮಸಿ ಬಳಿದಂತಾಗಿತ್ತು. ಸೋದರಮಾವನ ಮಗ ನೋಡಿ ಹಾಳು ಮಾಡಿದೆಯೆಂದು ಬೈದ. ನಾನು ಹಾಳೆಯ ಅಂಚಿನ ಮೇಲೆ ಎಳೆದು ತೋರಿಸಿದೆ, ಸುರುಳಿ ಎದ್ದಿತು. ಕಪ್ಪು ಹಾಗೆಯೇ ಇದೆ, ತೆಗೆಯಲು ಹೋಗಿಲ್ಲ.