ಎಂಜಿನ್ ಬದಲಿಸುವಾಗ ಯಾವ ಹೆಡರ್: ಶಾರ್ಟಿಯಾ, ಲಾಂಗ್ ಟ್ಯೂಬಾ?

ಟ್ರಕ್‌ಗೆ ಬೇರೆ ಎಂಜಿನ್ ಕೂರಿಸುತ್ತಿದ್ದೀರಾ? ಹೆಡರ್ (ಎಂಜಿನ್‌ನ ಹೊಗೆ ಹೊರಗೊಯ್ಯುವ ಪೈಪುಗಳ ಜೋಡಣೆ) ಬದಲಿಸಲು ಇದೇ ಸರಿಯಾದ ಹೊತ್ತು. ಎಂಜಿನ್ ಹೊರಗಿದ್ದಾಗ ಬೋಲ್ಟ್‌ಗಳಿಗೆ ಕೈ ಸಲೀಸಾಗಿ ಹೋಗುತ್ತದೆ.

ಶಾರ್ಟಿಯ ಪೈಪುಗಳು ಎಂಜಿನ್ ಪಕ್ಕದಲ್ಲೇ ಒಂದಾಗುತ್ತವೆ. ಸಾಮಾನ್ಯವಾಗಿ ಎಂಜಿನ್‌ಗೆ ಕಟ್ಟಿಯೇ ಇಳಿಸಬಹುದು. ಪವರ್ ಮಾತ್ರ ಸ್ವಲ್ಪವೇ ಹೆಚ್ಚುತ್ತದೆ.

ಲಾಂಗ್ ಟ್ಯೂಬ್‌ನಲ್ಲಿ ಲಾಭ ಜಾಸ್ತಿ. ಪ್ರತಿ ಸಿಲಿಂಡರ್‌ಗೂ ಉದ್ದದ ಸ್ವಂತ ಪೈಪ್; ಒಂದರ ಹೊಗೆ ನುಗ್ಗುವ ರಭಸಕ್ಕೆ ಇನ್ನೊಂದರ ಹೊಗೆ ಎಳೆದುಕೊಂಡು ಬರುತ್ತದೆ. ಆದರೆ ಜಾಗದ್ದೇ ತಲೆನೋವು. ಸ್ಟೀರಿಂಗ್ ಶಾಫ್ಟ್, ಸ್ಟಾರ್ಟರ್, ಚಾಸಿಸ್, ಯಾವುದಕ್ಕೂ ತಾಗಬಾರದು. ಎಷ್ಟೋ ಗಾಡಿಗಳಲ್ಲಿ ಅದನ್ನು ಕೆಳಗಿನಿಂದಲೇ ತೂರಿಸಬೇಕು. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್‌ನ ವೈರ್ ಉದ್ದ ಮಾಡಬೇಕಾಗಬಹುದು. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನ ಜಾಗ ಬದಲಾದರೆ ಹೊಗೆ ತಪಾಸಣೆಯ ನಿಯಮ ಮೊದಲೇ ನೋಡಿಕೊಳ್ಳಿ.

ದಿನಾ ಓಡಿಸುವ ಗಾಡಿಗೆ ನನ್ನ ಆಯ್ಕೆ ಶಾರ್ಟಿಯೇ. ಪವರ್ರೇ ಮುಖ್ಯ, ಜಾಗವೂ ಇದೆ ಅಂದರೆ ಲಾಂಗ್ ಟ್ಯೂಬ್. ಯಾವುದೇ ಹಾಕಿ, ಒಂದೆರಡು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಬೋಲ್ಟ್ ಮತ್ತೆ ಬಿಗಿ ಮಾಡಿ. ಸಡಿಲವಾದರೆ ಗ್ಯಾಸ್ಕೆಟ್ (ಸಂದಿನಲ್ಲಿ ಹೊಗೆ ಸೋರದಂತೆ ತಡೆಯುವ ಪದರ) ಹತ್ತಿರ ಟಿಕ್ ಟಿಕ್ ಸದ್ದು ಶುರುವಾಗುತ್ತದೆ.