ನಿಯಮ ಪುಸ್ತಕ: ಕಾಗದದಲ್ಲೋ, ಮೊಬೈಲಿನಲ್ಲೋ?

ತುಮಕೂರಿನಲ್ಲೂ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವರಿದ್ದಾರೆಯೇ ಎಂದು ಬೆಂಗಳೂರಿನ ಗೆಳೆಯರು ಹುಬ್ಬೇರಿಸುತ್ತಾರೆ. ಇದ್ದೇವೆ. ಭಾನುವಾರ ಮಧ್ಯಾಹ್ನ ಅಶೋಕನಗರದ ಒಂದು ಮನೆಯ ಮಹಡಿಯಲ್ಲಿ ಸೇರುತ್ತೇವೆ. ಆಟ ನಡೆಸುವ ಡಂಜನ್ ಮಾಸ್ಟರ್ (ಡಿಎಂ) ಕೆಲಸ ಬಹುಮಟ್ಟಿಗೆ ನನ್ನ ತಲೆಗೇ ಬಂದಿದೆ. ಹೊಸದಾಗಿ ಬರುವವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಅಷ್ಟು ದುಡ್ಡು ಕೊಟ್ಟು ಪುಸ್ತಕ ಕೊಳ್ಳಲೇಬೇಕೆ, ಮೊಬೈಲಿನಲ್ಲಿ ಓದಿಕೊಂಡರೆ ಸಾಲದೆ? ಗಟ್ಟಿ ರಟ್ಟಿನ ಪುಸ್ತಕ, ಪಿಡಿಎಫ್, ನಿಯಮಗಳನ್ನು ತೋರಿಸುವ ಜಾಲತಾಣ, ಈ ಮೂರನ್ನೂ ಆಟದ ಮೇಜಿನ ಮೇಲೆ ಬಳಸಿದವನಾಗಿ ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಆಟ ನಡೆಯುವಾಗ ಪುಸ್ತಕ, ಹಿಂದಿನ ರಾತ್ರಿಯ ತಯಾರಿಗೆ ಜಾಲತಾಣ, ಮೊಬೈಲಿನಲ್ಲಿ ಪಿಡಿಎಫ್ ಯಾವತ್ತೂ ಬೇಡ. ಹೊಸ ಕಾಗದದ ಘಮದ ಬಗ್ಗೆ ಇಲ್ಲಿ ಏನೂ ಹೇಳುವುದಿಲ್ಲ. ಅದರಿಂದ ಯಾವ ರಾಕ್ಷಸನೂ ಸಾಯುವುದಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ 1974ರಲ್ಲಿ ಮೊದಲು ಪ್ರಕಟವಾಯಿತು. ಒಬ್ಬೊಬ್ಬರೂ ಒಂದೊಂದು ಪಾತ್ರವಾಗುತ್ತಾರೆ, ಡಿಎಂ ಕಥೆ ನಡೆಸುತ್ತಾನೆ, ಕತ್ತಿ ತಾಗಿತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ನಾವು ಆಡುವುದು 2014ರ ಐದನೆಯ ಆವೃತ್ತಿ. ಅದಕ್ಕೆ ಮೂರು ಮೂಲ ಪುಸ್ತಕಗಳು: ಪ್ಲೇಯರ್ಸ್ ಹ್ಯಾಂಡ್‌ಬುಕ್, ಡಂಜನ್ ಮಾಸ್ಟರ್ಸ್ ಗೈಡ್, ಮಾನ್‌ಸ್ಟರ್ ಮ್ಯಾನ್ಯುಯಲ್.

ಈಗ ನಮ್ಮ ಮೇಜಿನಲ್ಲಿ ಮತ್ತೆ ಮತ್ತೆ ಏಳುವ ಒಂದು ತಕರಾರನ್ನೇ ತೆಗೆದುಕೊಳ್ಳಿ. ಗುಹೆಯೊಳಗೆ ಪಂಜು ಆರಿಹೋಗಿದೆ. ಎದುರಿನ ಡಕಾಯಿತನಿಗೂ ಏನೂ ಕಾಣುವುದಿಲ್ಲ, ನಮ್ಮ ಬಿಲ್ಲುಗಾರನಿಗೂ ಕಾಣುವುದಿಲ್ಲ. ಬಾಣ ಬಿಟ್ಟರೆ ದಾಳವನ್ನು ಹೇಗೆ ಎಸೆಯಬೇಕು? ಇದರ ಉತ್ತರ ಒಂದು ಕಡೆ ಇಲ್ಲ. ಕತ್ತಲು ಎಂದರೇನು ಎಂಬುದು ಪ್ಲೇಯರ್ಸ್ ಹ್ಯಾಂಡ್‌ಬುಕ್ಕಿನ 183ನೆಯ ಪುಟದಲ್ಲಿದೆ: ಕತ್ತಲೊಳಗಿನದನ್ನು ನೋಡಲು ಹೊರಟವನು ಆ ಮಟ್ಟಿಗೆ ಕುರುಡನಿದ್ದಂತೆ. ಕುರುಡನಾದರೆ ಏನಾಗುತ್ತದೆ ಎಂಬುದು 290ರಲ್ಲಿ. ಕಾಣದವನ ಮೇಲೆ ಬೀಸಿದರೆ, ಕಾಣದಂತೆ ನಿಂತು ಬೀಸಿದರೆ ಏನು ಎಂಬುದು 194ರಿಂದ. ಕಾಣದವನಿಗೆ ಗುರಿಯಿಟ್ಟರೆ ಡಿಸ್‌ಅಡ್ವಾಂಟೇಜ್, ಅಂದರೆ ಎರಡು ದಾಳ ಎಸೆದು ಚಿಕ್ಕದನ್ನು ಇಟ್ಟುಕೊಳ್ಳಬೇಕು. ನಾವು ಅವನಿಗೆ ಕಾಣದಿದ್ದರೆ ಅಡ್ವಾಂಟೇಜ್, ಎರಡರಲ್ಲಿ ದೊಡ್ಡದು. ಎರಡೂ ಒಟ್ಟಿಗೆ ಬಂದರೆ ಒಂದನ್ನೊಂದು ಹೊಡೆದುಹಾಕುತ್ತವೆ ಎಂಬ ಮಾತು 173ರಲ್ಲಿ ಕುಳಿತಿದೆ. ಒಟ್ಟಿನಲ್ಲಿ ಕಗ್ಗತ್ತಲಲ್ಲಿ ಇಬ್ಬರು ಕಾಣದವರು ಹಟ್ಟಹಗಲಿನಂತೆಯೇ ಒಂದೇ ದಾಳ ಎಸೆದು ಹೊಡೆದಾಡಬಹುದು! ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಪುಸ್ತಕವಿದ್ದರೆ 183ರಲ್ಲಿ ನನ್ನ ಹೆಬ್ಬೆರಳು, 194ರಲ್ಲಿ ತೋರುಬೆರಳು, 290ರಲ್ಲಿ ಪಕ್ಕದವನ ಪೆನ್ಸಿಲ್ಲು. ಐದೂ ತಲೆಗಳು ಒಂದೇ ಪುಟದ ಮೇಲೆ ಬಾಗುತ್ತವೆ, ಗೊಣಗಾಟ ಅಲ್ಲಿಗೆ ಮುಗಿಯುತ್ತದೆ. ನಿಯಮ ಹುಡುಕುವುದಕ್ಕಿಂತ ಅದನ್ನು ಎಲ್ಲರಿಗೂ ಒಟ್ಟಿಗೆ ತೋರಿಸುವುದೇ ಡಿಎಂಗೆ ದೊಡ್ಡ ಕೆಲಸ. ಮೊಬೈಲ್ ಪರದೆ ಒಬ್ಬರ ಮುಖಕ್ಕೆ ಹೇಳಿ ಮಾಡಿಸಿದ್ದು. ಕೈಯಿಂದ ಕೈಗೆ ಹೋಗುವಷ್ಟರಲ್ಲಿ ಅದು ಒಮ್ಮೆ ಆರಿರುತ್ತದೆ, ಒಮ್ಮೆ ಯಾರದೋ ಬೆರಳು ತಾಗಿ ಬೇರೆ ಪುಟಕ್ಕೆ ಹಾರಿರುತ್ತದೆ.

ಮೊಬೈಲಿನಲ್ಲಿ ಹುಡುಕುವುದು ಸುಲಭ ಎನ್ನುತ್ತಾರೆ. ಹೌದು, ನಿಯಮದ ತಲೆಬರಹ ಗೊತ್ತಿದ್ದವರಿಗೆ. ಮೇಲಿನ ಪ್ರಶ್ನೆಗೆ ನಮ್ಮ ಹುಡುಗನೊಬ್ಬ 'ಡಾರ್ಕ್' ಎಂದು ಕೊಟ್ಟು ಹುಡುಕಿದ. ಎಲ್ಫ್‌ಗಳ ಡಾರ್ಕ್‌ವಿಷನ್, ಕುಬ್ಜರ ಡಾರ್ಕ್‌ವಿಷನ್, ಡಾರ್ಕ್‌ನೆಸ್ ಎಂಬ ಮಂತ್ರ, ಮೇಲೊಂದಿಷ್ಟು ರಾಕ್ಷಸರು ಸಾಲಾಗಿ ಬಂದರು. ಬೇಕಾದ ನಿಯಮಕ್ಕೆ 'ಅನ್‌ಸೀನ್ ಅಟ್ಯಾಕರ್ಸ್' ಎಂಬ ತಲೆಬರಹವಿದೆ ಎಂದು ತಿಳಿದಿದ್ದರೆ ಅವನು ಹುಡುಕುತ್ತಲೇ ಇರಲಿಲ್ಲ. ಪುಸ್ತಕದಲ್ಲಾದರೆ ಬಲಗಡೆ ಪುಟದ ಕೆಳಗೆ, ಆ ಚಿತ್ರದ ಹಿಂದಿನ ಹಾಳೆ ಎಂದು ಕೈಗೆ ತಾನೇ ಅಭ್ಯಾಸವಾಗಿಬಿಡುತ್ತದೆ. ಹಾಗೆಂದು ಪುಸ್ತಕದ ಪದಸೂಚಿಯನ್ನು ಹೊಗಳಲಾರೆ. 2014ರ ಹ್ಯಾಂಡ್‌ಬುಕ್ಕಿನ ಪದಸೂಚಿಯ ಅಕ್ಷರ ಇರುವೆಗಿಂತ ಚಿಕ್ಕದು, ಅದರಲ್ಲೂ ಅರ್ಧ ಕಡೆ ಪುಟಸಂಖ್ಯೆ ಕೊಡದೆ 'ಇದಕ್ಕೆ ಅಲ್ಲಿ ನೋಡಿ' ಎಂದು ಬೇರೆಡೆಗೆ ಓಡಿಸುತ್ತದೆ.

ಪಿಡಿಎಫ್ ವಿಷಯವನ್ನು ಬೇಗ ಮುಗಿಸೋಣ. ಎಂಟೂವರೆ ಅಂಗುಲ ಅಗಲ, ಹನ್ನೊಂದು ಅಂಗುಲ ಎತ್ತರದ, ಎರಡು ಕಾಲಮ್ಮಿನ ಪುಟವನ್ನು ಅಂಗೈಯಗಲದ ಪರದೆಯಲ್ಲಿ ಓದುವುದೆಂದರೆ ದೊಡ್ಡದು ಮಾಡು, ಎಡಕ್ಕೆ ಸರಿಸು, ಕೆಳಗೆ ಹೋಗು, ಮತ್ತೆ ಮೇಲೆ ಹತ್ತಿ ಬಲಕ್ಕೆ ಬಾ. ಟ್ಯಾಬ್ಲೆಟ್ ಇದ್ದವರಿಗೆ ಪರವಾಗಿಲ್ಲ. ಇನ್ನೊಂದು ಸಂಗತಿಯಿದೆ. ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ನಕಲು ಹಾವಳಿಯ ಕಾರಣ ಕೊಟ್ಟು 2009ರಲ್ಲಿ ತಮ್ಮ ಎಲ್ಲ ಪಿಡಿಎಫ್‌ಗಳ ಮಾರಾಟ ನಿಲ್ಲಿಸಿದರು. ಹಳೆಯ ಆವೃತ್ತಿಗಳು 2013ರಲ್ಲಿ ಮರಳಿ ಬಂದವು. ಆದರೆ 2014ರ ಮೂರು ಮೂಲ ಪುಸ್ತಕಗಳನ್ನು ಅವರು ಪಿಡಿಎಫ್ ಆಗಿ ಮಾರಲೇ ಇಲ್ಲ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುವುದು ಯಾರೋ ಸ್ಕ್ಯಾನ್ ಮಾಡಿದ ಕಳ್ಳಪ್ರತಿ.

ಇನ್ನು ಜಾಲತಾಣ. ಇಲ್ಲಿ ಪುಸ್ತಕ ಸೋಲುತ್ತದೆ, ಅದೂ ಚೆನ್ನಾಗಿಯೇ ಸೋಲುತ್ತದೆ. ಶನಿವಾರ ರಾತ್ರಿ ನಾಳಿನ ಕಾಳಗ ಸಿದ್ಧಪಡಿಸುವಾಗ, ಜೌಗಿನಲ್ಲಿ ವಾಸಿಸುವ, ಮೂರನೆಯ ಹಂತದ ತಂಡಕ್ಕೆ ತಕ್ಕ ಶತ್ರುಗಳು ಯಾರು ಎಂದು ಮಾನ್‌ಸ್ಟರ್ ಮ್ಯಾನ್ಯುಯಲ್ ಮಗುಚುತ್ತ ಕುಳಿತರೆ ಬೆಳಗಾಗುತ್ತದೆ. ಆಟದ ಅಧಿಕೃತ ಜಾಲತಾಣವಾದ ಡಿ ಅಂಡ್ ಡಿ ಬಿಯಾಂಡ್‌ನಲ್ಲಿ ಆವಾಸ, ಬಲ, ಗಾತ್ರ ಎಂದು ಸೋಸಿದರೆ ಪಟ್ಟಿ ಎದುರಿಗಿರುತ್ತದೆ. ರಾಕ್ಷಸನ ಚಿತ್ರವನ್ನು ಆಟಗಾರರಿಗೆ ತೋರಿಸುವಾಗಲೂ ಜಾಲತಾಣವೇ ವಾಸಿ: ಚಿತ್ರವನ್ನಷ್ಟೇ ದೊಡ್ಡದು ಮಾಡಿ ತೋರಿಸಬಹುದು. ಪುಸ್ತಕದಲ್ಲಿ ಅವನ ಪ್ರಾಣಾಂಕದ ಮೇಲೆ ಅಂಗೈ ಮುಚ್ಚಿಕೊಂಡು ತೋರಿಸಬೇಕು, ಬೆರಳ ಸಂದಿನಿಂದ ಇಣುಕುವ ಚಾಲಾಕಿಗಳು ಎಲ್ಲ ಗುಂಪಿನಲ್ಲೂ ಒಬ್ಬರಿರುತ್ತಾರೆ. ಇದೇ ಬಗೆಯ ಇನ್ನೊಂದು ಆಟವಾದ ಪಾತ್ಫೈಂಡರ್ ಆಡುವವರಿಗಂತೂ ಈ ಹೋಲಿಕೆಯೇ ಬೇಕಿಲ್ಲ. ಅದರ ಎರಡನೆಯ ಆವೃತ್ತಿಯ ಮೂಲ ಪುಸ್ತಕ 2019ರಲ್ಲಿ ಬಂದಾಗ 640 ಪುಟವಿತ್ತು. ಅದನ್ನು ಚೀಲದಲ್ಲಿಟ್ಟುಕೊಂಡು ಕ್ಯಾತ್ಸಂದ್ರದಿಂದ ಸಿಟಿ ಬಸ್ಸಿನಲ್ಲಿ ನಿಂತು ಬರುವವನ ಭುಜ ಆಟಕ್ಕೆ ಮೊದಲೇ ಗಾಯಗೊಂಡಿರುತ್ತದೆ. ಅದರ ನಿಯಮಗಳೆಲ್ಲ ಆರ್ಕೈವ್ಸ್ ಆಫ್ ನೆತಿಸ್ ಎಂಬ ತಾಣದಲ್ಲಿ ಪ್ರಕಾಶಕರ ಒಪ್ಪಿಗೆಯಿಂದಲೇ ಉಚಿತವಾಗಿವೆ. ಒಂದೊಂದು ಪದವನ್ನು ಒತ್ತಿದರೂ ಅದರ ನಿಯಮಕ್ಕೇ ಕರೆದೊಯ್ಯುತ್ತದೆ.

ಆದರೆ ಜಾಲತಾಣದಲ್ಲಿ ಕೊಂಡ ಪುಸ್ತಕ ಎಷ್ಟರ ಮಟ್ಟಿಗೆ ನಮ್ಮದು? 2024ರ ಆಗಸ್ಟಿನಲ್ಲಿ, ಹೊಸ ಹ್ಯಾಂಡ್‌ಬುಕ್ ಬರುವುದಕ್ಕೆ ಸ್ವಲ್ಪ ಮೊದಲು, ಪಾತ್ರಪಟ್ಟಿಗಳಲ್ಲಿರುವ ಹಳೆಯ ಮಂತ್ರಗಳ ಮತ್ತು ಮಾಂತ್ರಿಕ ವಸ್ತುಗಳ ಜಾಗದಲ್ಲಿ ಹೊಸ ಆವೃತ್ತಿಯವು ಬರುತ್ತವೆ ಎಂದು ಡಿ ಅಂಡ್ ಡಿ ಬಿಯಾಂಡ್ ಪ್ರಕಟಿಸಿತು. ದುಡ್ಡು ಕೊಟ್ಟು ಕೊಂಡವರು ಸಿಡಿದೆದ್ದರು. ಕೆಲವೇ ದಿನಗಳಲ್ಲಿ ನಿರ್ಧಾರ ಹಿಂದಕ್ಕೆ ಹೋಯಿತು. ಹಿಂದಕ್ಕೆ ಹೋದದ್ದು ಸಮಾಧಾನವೇ, ಆದರೆ ನಡುವೆ ನಿಂತಿರುವ ಒಂದು ಕಥೆಯ ನಿಯಮವನ್ನು ದೂರದಲ್ಲಿ ಕುಳಿತವರು ಒಂದು ಬೆಳಗ್ಗೆ ಬದಲಿಸಬಹುದು ಎಂಬುದು ನನಗೆ ಅಂದು ಅರ್ಥವಾಯಿತು. ನನ್ನ ಕಪಾಟಿನ ಪುಸ್ತಕದ 241ನೆಯ ಪುಟದಲ್ಲಿ ಫೈರ್‌ಬಾಲ್ ಮಂತ್ರಕ್ಕೆ ಆರು ಮುಖದ ಎಂಟು ದಾಳ ಎಂದಿದೆ. ಅದನ್ನು ಬದಲಿಸಬೇಕೆಂದರೆ ನಾನೇ ಪೆನ್ನು ಹಿಡಿಯಬೇಕು. ಹಾಗೆಯೇ ಪ್ರಕಾಶಕರು ಮುಂದೆ ಮಾಡುವ ತಿದ್ದುಪಡಿಗಳು ಈ ಪ್ರತಿಗೆ ತಾವಾಗಿಯೇ ಬಂದು ಸೇರುವುದಿಲ್ಲ. ಮುಖ್ಯವಾದವನ್ನು ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದೇನೆ.

ಕರೆಂಟಿನ ಮಾತು ಬಿಡಿ; ಬೇಸಿಗೆಯ ಭಾನುವಾರಗಳಲ್ಲಿ ಯಾವುದು ಗೆಲ್ಲುತ್ತದೆಂದು ಹೇಳಬೇಕಾಗಿಲ್ಲ.

ಉಳಿದದ್ದು ದುಡ್ಡು. 2014ರ ಒಂದೊಂದು ಪುಸ್ತಕದ ಮೇಲೆ ಅಚ್ಚಾದ ಬೆಲೆ 49.95 ಡಾಲರ್. ಮೂರನ್ನೂ ಕೊಳ್ಳಿ ಎಂದು ಕಾಲೇಜು ಹುಡುಗರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಅವರಿಗೆ ನಾನು ತೋರಿಸುವ ದಾರಿ ಬೇರೆ. 2023ರ ಜನವರಿಯಲ್ಲಿ ಪ್ರಕಾಶಕರು ಆಟದ ಮೂಲ ನಿಯಮಗಳ ದಾಖಲೆಯಾದ ಎಸ್‌ಆರ್‌ಡಿ 5.1 ಅನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದರು. ಮೂಲವನ್ನು ಹೆಸರಿಸಿದರೆ ಸಾಕು, ಯಾರು ಬೇಕಾದರೂ ಮುದ್ರಿಸಿಕೊಳ್ಳಬಹುದು, ಹಂಚಬಹುದು. ಸುಮಾರು 400 ಪುಟದ ಆ ದಾಖಲೆಯನ್ನು ಕಾಲೇಜಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಎರಡೂ ಬದಿಗೆ ಮುದ್ರಿಸಿ ಸ್ಪೈರಲ್ ಬೈಂಡಿಂಗ್ ಹಾಕಿಸಿದೆವು. ಹಾಳೆಗಳನ್ನು ಜೋಡಿಸುತ್ತಿದ್ದವರು ನಡುವಿನ ಡ್ರ್ಯಾಗನ್ ಅಂಕಿಅಂಶಗಳನ್ನು ನೋಡಿ "ಇದು ಯಾವ ಸೆಮಿಸ್ಟರಿನದು ಸರ್?" ಎಂದು ಕೇಳಿದರು. ಚಿತ್ರಗಳಿಲ್ಲ, ಪಾತ್ರಗಳ ಒಂದೊಂದು ವರ್ಗಕ್ಕೆ ಒಂದೇ ಉಪವರ್ಗ, ರಾಕ್ಷಸರಲ್ಲಿ ಬಿಹೋಲ್ಡರ್ ಇಲ್ಲ, ಮೈಂಡ್ ಫ್ಲೇಯರ್ ಇಲ್ಲ. ಬಿಗ್ಬಿ ಎಂಬ ಮಾಂತ್ರಿಕನ ಹೆಸರಿನ ಮಂತ್ರ ಅಲ್ಲಿ ಬರೀ 'ಆರ್ಕೇನ್ ಹ್ಯಾಂಡ್'. ಆದರೂ ಕತ್ತಲಿನ ತಕರಾರಿಗೆ ಬೇಕಾದ ನಾಲ್ಕು ನಿಯಮಗಳೂ ಅದರಲ್ಲಿವೆ. ಬೈಂಡಿಂಗ್ ಮಾಡಿದ್ದರಿಂದ ಮೇಜಿನ ಮೇಲೆ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ, ಕಾಫಿ ಚೆಲ್ಲಿದರೂ ಹೊಟ್ಟೆ ಉರಿಯುವುದಿಲ್ಲ. ಮಂತ್ರಗಳ ಭಾಗವನ್ನು ಬೇರೆಯೇ ಕಟ್ಟಿಸಿ. ಮಾಂತ್ರಿಕನ ಪಾತ್ರ ಆಡುವವನು ಅದನ್ನು ಕೈಬಿಡುವುದಿಲ್ಲ, ಉಳಿದವರು ಕಾಯಬೇಕಾಗುತ್ತದೆ. ಗುಂಪು ನಿಂತಮೇಲೆ ಎಲ್ಲರೂ ಸೇರಿ ಒಂದು ಪ್ಲೇಯರ್ಸ್ ಹ್ಯಾಂಡ್‌ಬುಕ್ ಕೊಳ್ಳಿ, ಆಮೇಲೆ ಡಿಎಂ ಮಾನ್‌ಸ್ಟರ್ ಮ್ಯಾನ್ಯುಯಲ್ ಕೊಳ್ಳಲಿ. ಡಂಜನ್ ಮಾಸ್ಟರ್ಸ್ ಗೈಡ್‌ಗೆ ಅವಸರವಿಲ್ಲ, ಅದರಲ್ಲಿ ನಾನು ಆಟದ ನಡುವೆ ತೆರೆಯುವುದು ಮಾಂತ್ರಿಕ ವಸ್ತುಗಳ ಪಟ್ಟಿಯನ್ನು ಮಾತ್ರ. ಅದರ ಬಹುಪಾಲು ಜೆರಾಕ್ಸ್ ಪ್ರತಿಯಲ್ಲೇ ಸಿಗುತ್ತದೆ.